ಏಳನೇ ಫಾರಂ

ರಟ್ಟಿನ ಅಟ್ಟಿ ಎತ್ತಿದ್ದೇ ತಪ್ಪಾಯಿತು.

ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿ ಬಾಗಿಲು ತೆಗೆದು, ಅಂಟಿನ ಡಬ್ಬಿಯನ್ನು ಒಲೆಯ ಮೇಲಿಟ್ಟು, ‘ಇವತ್ತು ಮಗಳ ದಿನ, ಅಂಗಡಿಯೂ ಒಂದಿಷ್ಟು ಚೊಕ್ಕಟವಾಗಿರಲಿ’ ಎಂದುಕೊಂಡು ಬೈಂಡರಣ್ಣ ಮೂಲೆಯಲ್ಲಿದ್ದ ರಟ್ಟುಗಳನ್ನು ಎತ್ತಿದ. ಅಡಿಯಲ್ಲಿ ಹದಿನಾರು ಪುಟಗಳ ಒಂದು ಮಡಿಕೆ ಬೆಚ್ಚಗೆ ಮಲಗಿತ್ತು. ಬಗ್ಗಿ ಎತ್ತಿಕೊಂಡು ಪುಟದ ಸಂಖ್ಯೆ ನೋಡಿದ. ತೊಂಬತ್ತೇಳರಿಂದ ನೂರ ಹನ್ನೆರಡು. ಮೇಲೆ ಪುಸ್ತಕದ ಹೆಸರು: ‘ದೀಪದಂಗಡಿಯ ಹುಡುಗಿ’.

ಬೈಂಡರಣ್ಣನಿಗೆ ನಿಂತ ನೆಲವೇ ಕುಸಿದಂತಾಯಿತು.

ಬೈಂಡಿಂಗ್ ಕಸುಬಿನವರು ಇಂಥ ಮಡಿಕೆಗೆ ಫಾರಂ ಅನ್ನುತ್ತಾರೆ. ಹದಿನಾರು ಪುಟಕ್ಕೆ ಒಂದು ಫಾರಂ. ಅಂಥ ಹತ್ತಿಪ್ಪತ್ತು ಫಾರಂಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ, ಬೆನ್ನಿಗೆ ದಾರ ಹೊಲಿದು, ಅಂಟು ಬಳಿದು, ರಟ್ಟು ಹಾಕಿದರೆ ಅದು ಪುಸ್ತಕ. ಒಂದು ಫಾರಂ ಹೊರಗುಳಿದರೆ ಅದು ಪುಸ್ತಕವಲ್ಲ, ಮುಂದಿನ ಹಲ್ಲು ಬಿದ್ದ ಬಾಯಿ. ಬೈಂಡರಣ್ಣನ ಕೈಯಲ್ಲಿದ್ದದ್ದು ಆ ಕಾದಂಬರಿಯ ಏಳನೇ ಫಾರಂ.

ಬೇರೆ ಯಾರಾದರೂ ಆಗಿದ್ದರೆ ‘ಅಯ್ಯೋ, ಒಂದು ಉಳಿದುಬಿಟ್ಟಿದೆ’ ಎಂದು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಇವನು ಬೈಂಡರಣ್ಣ. ಅಂಗಡಿಯ ಮುಂದೆ ‘ಮೂವತ್ತು ವರ್ಷ. ಒಂದು ಪುಟವೂ ತಪ್ಪಿಲ್ಲ’ ಎಂದು ಬೋರ್ಡು ಬರೆಸಿಕೊಂಡವನು. ಅದೂ ಒಮ್ಮೆ ಬರೆಸಿ ಬಿಟ್ಟದ್ದಲ್ಲ. ಪ್ರತಿವರ್ಷ ಏಣಿ ಹಾಕಿಕೊಂಡು ಹತ್ತಿ ಹಳೆಯ ಸಂಖ್ಯೆ ಕೆರೆದು ಹೊಸ ಸಂಖ್ಯೆ ಬರೆಯುವವನು. ಹತ್ತುವಾಗ ಬೀದಿಯವರೆಲ್ಲ ನೋಡುತ್ತಿದ್ದಾರೋ ಇಲ್ಲವೋ ಎಂದು ಒಮ್ಮೆ ಕೆಮ್ಮಿ ಖಾತ್ರಿಪಡಿಸಿಕೊಳ್ಳುವವನು.

ಹೋಗಲಿ, ಹೆಮ್ಮೆಯ ಮಾತು ಹಾಗಿರಲಿ. ಇದರಲ್ಲಿ ಮಗಳ ಮಾನ ಸಿಕ್ಕಿಕೊಂಡಿತ್ತು.

ಲೈಬ್ರರಿಯವರು ಕಾಲೇಜು ಮಕ್ಕಳಿಗಾಗಿ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ವಿಷಯ ಇದೇ ‘ದೀಪದಂಗಡಿಯ ಹುಡುಗಿ’, ಅಪ್ಪನ ಜೊತೆ ಅಂಗಡಿಯಲ್ಲಿ ಬೆಳೆದು ದೊಡ್ಡವಳಾಗುವ ಒಬ್ಬ ಹುಡುಗಿಯ ಕಾದಂಬರಿ. ಅದರ ಆಶಯ ಏನು, ಅದರೊಳಗಿನ ಸಂಬಂಧಗಳು ಎಂಥವು ಎಂದು ವಿಮರ್ಶೆ ಬರೆಯಬೇಕು. ಸ್ಪರ್ಧೆಗೆ ನಿಂತವರು ಮಗಳೂ ಸೇರಿ ಐದು ಜನ, ಲೈಬ್ರರಿಯಲ್ಲಿದ್ದ ಹಳೆಯ ಪ್ರತಿಗಳೂ ಐದೇ. ಅವು ಚಿಂದಿಯಾಗಿದ್ದವು. ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವನು ಬೈಂಡರಣ್ಣನೇ. ನಾಲ್ಕಕ್ಕೆ ಬೂದು ಬಟ್ಟೆ. ಮಗಳ ಕೈಗೆ ಬರುವ ಐದನೆಯದಕ್ಕೆ ಮಾತ್ರ ಸ್ವಂತ ಪೆಟ್ಟಿಗೆಯಿಂದ ತೆಗೆದ ಮೆರೂನ್ ಬಟ್ಟೆ. ಅದಕ್ಕೆ ಬಟ್ಟೆ ಹಾಕುವಾಗ ಅವನು ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ಹಾಕುತ್ತ ಮಾಡಿದ ಕೆಲಸ ಇದೊಂದೇ, ತಪ್ಪಿದ್ದರೆ ಇದರಲ್ಲೇ ತಪ್ಪಿರಬೇಕು ಎಂದು ಅವನ ಎದೆ ಹೇಳಿತು.

ಪ್ರಬಂಧಗಳು ಹೋದ ವಾರವೇ ತೀರ್ಪುಗಾರರ ಕೈ ಸೇರಿದ್ದವು. ಇವತ್ತು ಸಂಜೆ ಐದಕ್ಕೆ ಲೈಬ್ರರಿಯ ಸಭಾಂಗಣದಲ್ಲಿ ಫಲಿತಾಂಶ. ಮಗಳು ಹದಿನಾರು ಪುಟವನ್ನೇ ಓದದೆ ವಿಮರ್ಶೆ ಬರೆದಿದ್ದರೆ? ಎಲ್ಲರೆದುರು ‘ಈ ಹುಡುಗಿ ಪುಸ್ತಕವನ್ನೇ ಪೂರ್ತಿ ಓದಿಲ್ಲ’ ಅಂದುಬಿಟ್ಟರೆ?

ಅಂಗಡಿಯ ಹಿಂದೆಯೇ ಮನೆ. ಬೈಂಡರಣ್ಣ ಫಾರಮ್ಮನ್ನು ಅಂಗಿಯೊಳಗೆ ತೂರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ಪುಟ್ಟಿ ಎಲ್ಲಿ?”

“ಗೆಳತಿ ಮನೆಗೆ ಹೋದ್ಲು. ಸಂಜೆ ಅಲ್ಲಿಂದಾನೇ ಸಭೆಗೆ ಬರ್ತಾಳಂತೆ,” ಎಂದಳು ಹೆಂಡತಿ.

“ಅವಳು ಓದ್ತಿದ್ದ ಆ ಪುಸ್ತಕ? ಮೆರೂನ್ ಬಣ್ಣದ್ದು?”

ಹೆಂಡತಿಯ ಕೈಯಲ್ಲಿದ್ದ ಮುಚ್ಚಳ ಠಣಾರನೆ ಕೆಳಗೆ ಬಿತ್ತು. “ಯಾವ ಪುಸ್ತಕ? ಓ, ಅದಾ? ಅದನ್ನ ವಾಪಸ್ ಕೊಟ್ಟು ಎಷ್ಟೋ ದಿನ ಆಯ್ತು. ನಿಮಗ್ಯಾಕೆ ಅದು ಈಗ? ಮೂವತ್ತು ವರ್ಷದಲ್ಲಿ ಒಂದು ಪುಸ್ತಕ ಬಿಡಿಸಿ ನೋಡಿದವರಲ್ಲ!”

ಮಾತು ನಿಜ. ಬೈಂಡರಣ್ಣ ಸಾವಿರಾರು ಪುಸ್ತಕ ಕಟ್ಟಿದ್ದ, ಒಂದನ್ನೂ ಓದಿರಲಿಲ್ಲ. ಓದಲು ಕೂತರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಅಂಟು ಗಟ್ಟಿಯಾಗುತ್ತದೆ ಎನ್ನುವುದು ಅವನ ಸಿದ್ಧಾಂತ. ಆದರೆ ಇವತ್ತು ಅಂಗಡಿಗೆ ಮರಳಿದವನೇ ಸ್ಟೂಲಿನ ಮೇಲೆ ಕೂತು ಏಳನೇ ಫಾರಮ್ಮನ್ನು ಬಿಡಿಸಿ ಓದತೊಡಗಿದ.

ದೀಪದಂಗಡಿಯ ಮಾಲೀಕ ತನ್ನ ಕೈಚಳಕದ ಬಗ್ಗೆ ಬಹಳ ಜಂಬದ ಮನುಷ್ಯ. ಒಂದು ದಿನ ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟ ಹಳೆಯ ಗಾಜಿನ ದೀಪ ಅವನ ಕೈಜಾರಿ ಬಿದ್ದು ಒಡೆಯುತ್ತದೆ. ಗಾಳಿಗೆ ಬಿತ್ತು ಎಂದು ಸುಳ್ಳು ಹೇಳುತ್ತಾನೆ. ಮಗಳು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿರುತ್ತಾಳೆ. ಏನೂ ಹೇಳದೆ ಕೆಳಗಿಳಿದು ಬಂದು, ಪೊರಕೆ ತೆಗೆದುಕೊಂಡು ಗಾಜಿನ ಚೂರು ಗುಡಿಸಿ, “ಕಿಟಕಿ ಹಾಕ್ತೀನಿ ಅಪ್ಪ, ಗಾಳಿ ಜೋರಾಗಿದೆ” ಅನ್ನುತ್ತಾಳೆ. ಅಲ್ಲಿಗೆ ನೂರ ಹನ್ನೆರಡನೇ ಪುಟ ಮುಗಿಯುತ್ತದೆ.

ಬೈಂಡರಣ್ಣ ಮೂಗು ಒರೆಸಿಕೊಂಡ. ಆಮೇಲೆ ಅವನಿಗೆ ಸಿಟ್ಟು ಬಂತು. ‘ಅಲ್ಲ, ಕೈಗೆ ಸಿಕ್ಕಿದ್ದು ಸಿಕ್ಕಿತು, ಮಳೆಯ ವರ್ಣನೆಯೋ ಮಾರುಕಟ್ಟೆಯ ವರ್ಣನೆಯೋ ಇರುವ ಫಾರಂ ಸಿಗಬಾರದಿತ್ತೆ? ಪುಸ್ತಕದ ಜೀವವೇ ಇರುವ ಫಾರಂ ಆಗಬೇಕಿತ್ತೆ?’

“ಏನಣ್ಣ, ಮುಖ ಇಸ್ತ್ರಿ ಕಾಣದ ಅಂಗಿ ಥರ ಆಗಿದೆ?”

ಎದುರು ಅಂಗಡಿಯ ದರ್ಜಿ, ಕತ್ತಿನಲ್ಲಿ ಅಳತೆ ಟೇಪು ಜೋತುಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಬೈಂಡರಣ್ಣ ಗಡಬಡಿಸಿ ಫಾರಮ್ಮನ್ನು ಅಂಗಿಯೊಳಗೆ ಸೇರಿಸಿದ.

“ಏನಿಲ್ಲ. ಪುಟ್ಟಿ ಫಲಿತಾಂಶ ಅಲ್ವಾ, ಅದಕ್ಕೇ ಸ್ವಲ್ಪ ತಳಮಳ.”

“ಅದಕ್ಕಾ? ನಾನೇನೋ ಅಂದ್ಕೊಂಡೆ. ನಿಮ್ಮ ಕೆಲಸದ ಬಗ್ಗೆ ಏನಾದ್ರೂ ಯೋಚನೆ ಮಾಡ್ತಿದ್ದೀರೇನೋ ಅಂತ. ನಿಮ್ಮ ಕೆಲಸದಲ್ಲಿ ತಪ್ಪು ಯಾರು ಹುಡುಕ್ತಾರಣ್ಣ? ಯಾರೂ ಹುಡುಕಲ್ಲ. ಸಿಕ್ಕಿದ್ರೂ ಹೇಳಲ್ಲ,” ಎಂದ ದರ್ಜಿ, ತಟ್ಟನೆ ನಾಲಿಗೆ ಕಚ್ಚಿಕೊಂಡು ಟೇಪನ್ನು ಸುತ್ತತೊಡಗಿದ.

ಬೈಂಡರಣ್ಣನಿಗೆ ಆ ಮಾತಿನ ಕಡೆ ಗಮನವಿರಲಿಲ್ಲ. ಮೊದಲು ಲೈಬ್ರರಿಗೆ ಹೋಗಿ ಯಾವ ಪ್ರತಿಯಲ್ಲಿ ಫಾರಂ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಚಪ್ಪಲಿ ಮೆಟ್ಟಿ ಹೊರಟ. “ನಾನೂ ಬರ್ತೀನಿ ಇರಿ,” ಎಂದು ದರ್ಜಿ ಅರ್ಧ ಹೊಲಿದ ಪೈಜಾಮವನ್ನು ಮೆಷಿನ್ನಿನಲ್ಲೇ ಬಿಟ್ಟು ಹಿಂಬಾಲಿಸಿದ. ಬೇರೆಯವರ ತೊಂದರೆ ಎಂದರೆ ದರ್ಜಿಗೆ ಊಟಕ್ಕೂ ಮಿಗಿಲು.

ಲೈಬ್ರರಿ ಮೇಡಂ ರಿಜಿಸ್ಟರಿನಿಂದ ತಲೆಯೆತ್ತಿ ಬೈಂಡರಣ್ಣನನ್ನು ನೋಡಿದರು, ಆಮೇಲೆ ಅವನ ಹಿಂದಿದ್ದ ದರ್ಜಿಯನ್ನು ನೋಡಿದರು. ದರ್ಜಿ ಏನೋ ಕಣ್ಸನ್ನೆ ಮಾಡಿದ. ಮೇಡಂ ಎದ್ದು ನಿಂತರು.

“ದೀಪದಂಗಡಿ ಹುಡುಗಿ ಪ್ರತಿಗಳನ್ನ ಒಂದ್ಸಲ ನೋಡ್ಬೇಕಿತ್ತು ಮೇಡಂ. ಹೊಸ ಅಂಟು ಹಾಕಿದ್ದೆ. ಘಾಟು ಹೋಗಿದೆಯಾ ಅಂತ.”

“ಹೋಗಿದೆ. ಘಮಘಮ ಅಂತಿದೆ.”

“ನಾನೇ ಮೂಸಿ ನೋಡಿದ್ರೆ ಸಮಾಧಾನ.”

ಮೇಡಂ ಬೇಡವೆಂದರೂ ಕೇಳದೆ ಅವನು ಕಪಾಟಿನ ಹತ್ತಿರ ಹೋದ. ಬೂದು ಬಟ್ಟೆಯ ನಾಲ್ಕು ಪ್ರತಿಗಳಿದ್ದವು. ಒಂದೊಂದನ್ನೇ ಮುಖದ ಹತ್ತಿರ ಹಿಡಿದು, ಮೂಸುವ ನೆಪದಲ್ಲಿ ತೊಂಬತ್ತಾರನೇ ಪುಟ ತಿರುವಿದ. ಮೊದಲನೆಯದರಲ್ಲಿ ತೊಂಬತ್ತೇಳು ಇತ್ತು. ಎರಡನೆಯದರಲ್ಲೂ ಇತ್ತು. ಮೂರು, ನಾಲ್ಕು, ಎಲ್ಲದರಲ್ಲೂ ಇತ್ತು. ನಾಲ್ಕು ಪುಸ್ತಕ ಮೂಸಿದ್ದಕ್ಕೆ ನಾಲ್ಕು ಸೀನು ಬಂದವು. ಐದನೆಯದೇ ಎಂದು ಖಾತ್ರಿಯಾಯಿತು.

“ಮೆರೂನ್ ಬಣ್ಣದ್ದು ಎಲ್ಲಿ?”

“ಅದನ್ನ ನಿಮ್ಮ ಮಗಳೇ ಎಲ್ಲರಿಗಿಂತ ಮೊದಲು ವಾಪಸ್ ಕೊಟ್ಟಳು. ತೀರ್ಪುಗಾರರಿಗೂ ಓದೋಕೆ ಒಂದು ಪ್ರತಿ ಬೇಕಲ್ಲ, ಅವರು ಅದನ್ನೇ ತಗೊಂಡು ಹೋದ್ರು,” ಎಂದರು ಮೇಡಂ. “ಬೈಂಡರಣ್ಣ, ನೀವು ಮನೆಗೆ ಹೋಗಿ ಆರಾಮಾಗಿ ಮಲಗಿ. ನಿಮ್ಮ ಬೈಂಡಿಂಗ್ ಬಗ್ಗೆ ಒಬ್ಬರೂ ಒಂದು ಮಾತೂ ಆಡಿಲ್ಲ. ಒಂದೇ ಒಂದು ಮಾತೂ ಇಲ್ಲ.”

ತೀರ್ಪುಗಾರರು ಯಾರೆಂದು ಹೇಳಿದರೆ ಬೈಂಡರಣ್ಣ ಮಲಗಲು ಹೋಗದೆ ಯಾಕೆ ನೇರ ಅವರ ಮನೆಯ ದಾರಿ ಹಿಡಿದನೆಂದು ತಿಳಿಯುತ್ತದೆ. ಅವರು ನಿವೃತ್ತ ಮೇಷ್ಟ್ರು. ಊರವರು ಅವರನ್ನು ಕರೆಯುವುದೇ ಕೆಂಪು ಪೆನ್ನು ಎಂದು. ಬೆಳಗಿನ ಪೇಪರನ್ನು ತಿದ್ದದೆ ಅವರು ಕಾಫಿ ಮುಟ್ಟುವವರಲ್ಲ. ಅಂಗಡಿಗಳ ಬೋರ್ಡು, ಬಸ್ಸಿನ ಟಿಕೆಟ್ಟು, ಡಾಕ್ಟರ ಚೀಟಿ, ಯಾವುದೂ ಆ ಪೆನ್ನಿಗೆ ಹೊರತಲ್ಲ. ಹೆಂಡತಿ ತವರಿಗೆ ಹೋಗಿ ಬರೆದ ಪತ್ರಕ್ಕೆ ಹತ್ತಕ್ಕೆ ಆರು ಅಂಕ ಹಾಕಿ ವಾಪಸ್ ಕಳಿಸಿದ್ದರು ಎಂಬ ಮಾತೂ ಉಂಟು. ಅಂಥವರ ಕೈಯಲ್ಲಿ ತೊಂಬತ್ತಾರರಿಂದ ನೂರ ಹದಿಮೂರಕ್ಕೆ ಹಾರುವ ಪುಸ್ತಕ, ಅದೇ ಪುಸ್ತಕ ಓದಿ ಮಗಳು ಬರೆದ ಪ್ರಬಂಧ!

ದಾರಿಯಲ್ಲಿ ಬೈಂಡರಣ್ಣ ಒಂದು ಉಪಾಯ ಹೂಡಿದ. ಪ್ರಬಂಧವನ್ನು ಚೆಂದವಾಗಿ ಬೈಂಡ್ ಮಾಡಿಕೊಡುತ್ತೇನೆಂದು ಹೇಳಿ ತರುವುದು. ಮಗಳನ್ನು ಹುಡುಕಿ, ಈ ಹದಿನಾರು ಪುಟ ಓದಿಸಿ, ಹೊಸದಾಗಿ ಎರಡು ಹಾಳೆ ಬರೆಸಿ, ನಡುವೆ ಸೇರಿಸಿ ಹೊಲಿದು ಸಂಜೆಯೊಳಗೆ ಮುಟ್ಟಿಸುವುದು. ಇದು ಮೋಸವಲ್ಲವೇ ಎಂದು ಮನಸ್ಸು ಕೇಳಿತು. ‘ಮೋಸ ಮಾಡಿದ್ದು ನನ್ನ ಕೈ, ಅವಳದಲ್ಲ’ ಎಂದು ಅದಕ್ಕೆ ಉತ್ತರ ಹೇಳಿ ಬಾಯಿ ಮುಚ್ಚಿಸಿದ.

ಮೇಷ್ಟ್ರು ಹಜಾರದ ಕುರ್ಚಿಯಲ್ಲಿ ಕೂತು ಮೆರೂನ್ ಪುಸ್ತಕವನ್ನೇ ಓದುತ್ತಿದ್ದರು. ಮಡಿಚಿದ ಹಾಳೆಗಳೇನೋ ಅದರೊಳಗಿಂದ ಇಣುಕುತ್ತಿದ್ದವು. ಬಾಗಿಲಲ್ಲಿ ಬೈಂಡರಣ್ಣನನ್ನು ಕಂಡದ್ದೇ ತಡ, ಎಪ್ಪತ್ತು ವರ್ಷದ ಆ ಗಂಭೀರ ಮನುಷ್ಯರು ಪುಸ್ತಕವನ್ನು ಪಟ್ಟನೆ ಮುಚ್ಚಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟರು.

“ಬನ್ನಿ ಬೈಂಡರೇ. ಏನು ಬಂದದ್ದು?”

“ಪ್ರಬಂಧಗಳಿಗೆ ಒಂದು ರಟ್ಟು ಹಾಕಿ ಕೊಡೋಣ ಅಂತ, ಸಾರ್. ಸಭೆಯಲ್ಲಿ ಹಿಡ್ಕೊಂಡ್ರೆ ಲಕ್ಷಣವಾಗಿರುತ್ತೆ.”

“ಬೇಡ. ಪ್ರಬಂಧಕ್ಕೆ ಲಕ್ಷಣ ಒಳಗಿರ್ಬೇಕು.”

“ಹಾಗಾದ್ರೆ ಆ ಪುಸ್ತಕ, ಸಾರ್. ಅದರ ಬೆನ್ನು ಸ್ವಲ್ಪ ಸಡಿಲ ಇತ್ತು. ಒಂದು ಗಳಿಗೆ ಕೊಟ್ರೆ...”

“ಯಾವ ಪುಸ್ತಕ?”

“ನೀವು ಕೂತಿರೋದು, ಸಾರ್.”

“ನಾನು ಕುರ್ಚಿ ಮೇಲೆ ಕೂತಿದ್ದೀನಿ,” ಎಂದರು ಮೇಷ್ಟ್ರು, ಕಾವಿಗೆ ಕೂತ ಕೋಳಿಯ ಹಾಗೆ ಇನ್ನಷ್ಟು ಬಿಗಿಯಾಗಿ ಕೂರುತ್ತ. ಬೈಂಡರಣ್ಣ ಬೆನ್ನಿನ ಮಾತಾಡಿದ, ಹುಳದ ಮಾತಾಡಿದ, ಅಂಟಿನ ಘಾಟಿನ ಮಾತಾಡಿದ. ಮೇಷ್ಟ್ರು ಅಲುಗಲಿಲ್ಲ. ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ನೀವು ಸಂಜೆ ಬಂದು ಸುಮ್ಮನೆ ಕೂತ್ಕೊಳ್ಳಿ. ಕೇಳಿಸ್ತಾ? ಸುಮ್ಮನೆ. ಅಷ್ಟು ಮಾಡಿದ್ರೆ ಎಲ್ಲರಿಗೂ ಒಳ್ಳೇದು,” ಎಂದರು.

ಬೈಂಡರಣ್ಣನಿಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಹೊರಗೆ ಬಂದವನು ನೇರ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೇಷ್ಟ್ರ ಮನೆಯ ಪಕ್ಕದ ಓಣಿಗೆ ತಿರುಗಿದ. ಹಜಾರದ ಕಿಟಕಿ ಓಣಿಗೆ ತೆರೆದಿತ್ತು, ಮೇಷ್ಟ್ರ ಕುರ್ಚಿ ಕಿಟಕಿಗೆ ಆತುಕೊಂಡೇ ಇತ್ತು.

“ಅಣ್ಣ, ಇದೆಲ್ಲ ಬೇಕಾ?” ಎಂದ, ಅಷ್ಟು ಹೊತ್ತೂ ಹೊರಗೆ ಕಾದಿದ್ದ ದರ್ಜಿ.

“ನೀನು ಬಗ್ಗು.”

ದರ್ಜಿ ಬಗ್ಗಿದ. ಬೈಂಡರಣ್ಣ ಅವನ ಬೆನ್ನೇರಿ ಕಿಟಕಿಯ ಅಂಚಿಗೆ ಕಣ್ಣು ತಂದ. ಒಳಗಿನಿಂದ ಯಾರೋ ಊಟಕ್ಕೆ ಕರೆದರು, ಮೇಷ್ಟ್ರು ಎದ್ದು ಹೋದರು. ಕುರ್ಚಿಯ ಮೇಲೆ ಮೆರೂನ್ ಬಣ್ಣ ಕಂಡಿತು. ಬೈಂಡರಣ್ಣ ಸರಳುಗಳ ನಡುವೆ ತೋಳು ತೂರಿಸಿ, ಕಣ್ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದ. ಬಂತು. ಅಂಗಿಯೊಳಗೆ ತುರುಕಿಕೊಂಡು ಹಾರಿದ. ಇಬ್ಬರೂ ಎರಡು ಬೀದಿ ಓಡಿ, ಒಂದು ನೀರಿನ ಟ್ಯಾಂಕಿನ ಹಿಂದೆ ನಿಂತು ಏದುಸಿರು ಬಿಟ್ಟರು.

“ಪುಸ್ತಕ ಇಷ್ಟು ಮೆತ್ತಗಿರುತ್ತಾ?” ಎಂದ ದರ್ಜಿ, ಬೈಂಡರಣ್ಣನ ಹೊಟ್ಟೆ ಮುಟ್ಟಿ ನೋಡಿ.

ತೆಗೆದು ನೋಡಿದರೆ ಅದು ಮೇಷ್ಟ್ರ ಕುರ್ಚಿಯ ದಿಂಬು. ಅದೂ ಮೆರೂನ್ ಬಣ್ಣದ್ದೇ. ಪುಸ್ತಕವನ್ನು ಕೆಂಪು ಪೆನ್ನು ಊಟಕ್ಕೂ ಜೊತೆಯಲ್ಲೇ ಒಯ್ದಿದ್ದರು.

ಬೈಂಡರಣ್ಣ ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ಕೂತ. ಮೂವತ್ತು ವರ್ಷ ತಲೆಯೆತ್ತಿ ನಡೆದವನು ಇವತ್ತು ಒಂದೇ ಬೆಳಗಿನಲ್ಲಿ ಸುಳ್ಳುಗಾರನಾಗಿದ್ದ, ದಿಂಬುಕಳ್ಳನೂ ಆಗಿದ್ದ. ದರ್ಜಿ ಮಾತ್ರ ದಿಂಬನ್ನು ತಿರುವಿ ನೋಡಿ, “ಒಂದು ಕಡೆ ಹೊಲಿಗೆ ಬಿಟ್ಟಿದೆ. ರಿಪೇರಿಗೆ ತಂದಿದ್ದೆ ಅಂತ ಹೇಳಿ ಹೊಲಿದು ಕೊಟ್ಟುಬಿಡ್ತೀನಿ ಬಿಡಿ,” ಎಂದು ಸಮಾಧಾನ ಹೇಳಿದ.

ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮೇಷ್ಟ್ರು, ಅವರ ಮುಂದೆ ಆ ಪುಸ್ತಕ, ಪಕ್ಕದಲ್ಲಿ ಲೈಬ್ರರಿ ಮೇಡಂ. ಐದು ಸ್ಪರ್ಧಿಗಳು ಒಂದು ಸಾಲಿನಲ್ಲಿ. ಮಗಳು ನೀಲಿ ಸೀರೆಯಲ್ಲಿ ನೆಟ್ಟಗೆ ಕೂತಿದ್ದಳು. ಅವಳನ್ನು ಕಂಡು ಅಷ್ಟು ದುಗುಡದಲ್ಲೂ ಬೈಂಡರಣ್ಣನ ಎದೆ ಉಬ್ಬಿತು. ಎದೆಯ ಜೊತೆ ಅಂಗಿಯೊಳಗಿನ ಫಾರಮ್ಮೂ ಸರಕ್ಕೆಂದಿತು. ಪಕ್ಕದಲ್ಲಿ ಹೆಂಡತಿ. ಹಿಂದೆ ದರ್ಜಿ, ಹಾಲಿನವನು, ಶಾಲೆಯ ಹೆಡ್‌ಮಿಸ್ಸು, ಬೀದಿಗೆ ಬೀದಿಯೇ ಬಂದಿತ್ತು.

ಮೇಷ್ಟ್ರು ಎದ್ದು ಗಂಟಲು ಸರಿಪಡಿಸಿಕೊಂಡರು.

“ಫಲಿತಾಂಶ ಹೇಳೋಕೆ ಮುಂಚೆ ಒಂದು ಬೇಸರದ ಮಾತು. ಈ ಐದು ಜನರಲ್ಲಿ ಒಬ್ಬರು ಕಾದಂಬರಿಯನ್ನ ಪೂರ್ತಿ ಓದದೇ ವಿಮರ್ಶೆ ಬರೆದಿದ್ದಾರೆ. ಪುಸ್ತಕದ ಜೀವಾಳವಾದ ಭಾಗದ ಸುದ್ದಿಯೇ ಆ ಪ್ರಬಂಧದಲ್ಲಿಲ್ಲ. ನಾನು ಹೆಸರು ಹೇಳಲ್ಲ. ಆದ್ರೆ ಓದದೇ ಬರೆಯೋದು ನಾಚಿಕೆಗೇಡು ಅಂತ ಮಾತ್ರ...”

“ಇಲ್ಲ!”

ಬೈಂಡರಣ್ಣ ಎದ್ದು ನಿಂತಿದ್ದ. ಹೆಂಡತಿ ಅಂಗಿಯ ತುದಿ ಹಿಡಿದು ಎಳೆದಳು. ಅವನು ಕೂರಲಿಲ್ಲ.

“ಅವಳದ್ದೇನೂ ತಪ್ಪಿಲ್ಲ ಸಾರ್! ತಪ್ಪು ನಂದು!”

“ಬೈಂಡರೇ, ಕೂತ್ಕೊಳ್ರಿ!” ಎಂದು ಮೇಷ್ಟ್ರು ಕೂಗಿದರು. “ನಿಮಗೆ ಸುಮ್ಮನೆ ಕೂರಿ ಅಂದಿದ್ದೆ!”

“ಕೂರಿ ಬೈಂಡರಣ್ಣ, ದಮ್ಮಯ್ಯ ಕೂರಿ,” ಎಂದರು ಲೈಬ್ರರಿ ಮೇಡಂ. ಮಗಳು ವೇದಿಕೆಯಿಂದ ‘ಬೇಡ ಅಪ್ಪ, ಬೇಡ’ ಎಂದು ತಲೆಯಾಡಿಸುತ್ತಿದ್ದಳು. ಹಿಂದಿನಿಂದ ದರ್ಜಿ ಅವನ ಸೊಂಟ ಹಿಡಿದು ಜಗ್ಗಿದ.

ಆದರೆ ಮಗಳ ಮೇಲೆ ಬಂದ ಮಾತನ್ನು ಕೇಳಿ ಸುಮ್ಮನಿರುವ ಅಪ್ಪ ಅವನಾಗಿರಲಿಲ್ಲ. ಅಂಗಿಯೊಳಗಿಂದ ಏಳನೇ ಫಾರಮ್ಮನ್ನು ಹೊರಗೆಳೆದು ತಲೆಯ ಮೇಲೆ ಎತ್ತಿ ಹಿಡಿದ.

“ನೋಡಿ, ಎಲ್ಲರೂ ನೋಡಿ! ತೊಂಬತ್ತೇಳರಿಂದ ನೂರ ಹನ್ನೆರಡು! ನನ್ನ ಅಂಗಡಿಯಲ್ಲಿ ರಟ್ಟಿನ ಅಡಿ ಇತ್ತು. ಪುಸ್ತಕ ಕಟ್ಟೋವಾಗ ಇದನ್ನ ಬಿಟ್ಟವನು ನಾನು. ನನ್ನ ಮಗಳು ಓದೋಕೆ ಪುಟಾನೇ ಇರಲಿಲ್ಲ, ಏನಂತ ಓದ್ತಾಳೆ? ಮೂವತ್ತು ವರ್ಷ ಒಂದು ಪುಟವೂ ತಪ್ಪಿಲ್ಲ ಅಂತ ಮೆರೀತಿದ್ದೆ. ತಪ್ಪಿದೆ! ಹದಿನಾರು ತಪ್ಪಿದೆ! ಬೈಯೋದಿದ್ರೆ ನನ್ನನ್ನ ಬೈಯಿರಿ, ಸಾರ್. ಅವಳ ಹೆಸರಿಗೆ ಮಸಿ ಬಳೀಬೇಡಿ. ಅವಳಂಥ ಮಗಳು ಈ ಊರಲ್ಲೇ ಇಲ್ಲ!”

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಒಳ್ಳೆಯ ಕೆಲಸವೊಂದು ಕೆಟ್ಟುಹೋದಾಗ ಬರುವ ದಣಿವಿತ್ತು.

“ನಾನು ಹೇಳಿದ್ದು ಔಷಧಿ ಅಂಗಡಿಯವರ ಮಗನ ಬಗ್ಗೆ, ಮಹಾರಾಯರೇ. ಅವನು ಮೊದಲ ಪುಟ, ಕೊನೇ ಪುಟ ಮಾತ್ರ ಓದಿದ್ದಾನೆ.”

ಸ್ಪರ್ಧಿಗಳ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ತನ್ನ ಬೂಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಹಾಗಾದ್ರೆ ಪುಟ್ಟಿ?” ಎಂದ ಬೈಂಡರಣ್ಣ. ಕೈ ಇನ್ನೂ ಮೇಲೆಯೇ ಇತ್ತು.

“ನಿಮ್ಮ ಪುಟ್ಟಿಗೆ ಮೊದಲನೇ ಬಹುಮಾನ. ಆ ಹದಿನಾರು ಪುಟಗಳ ಬಗ್ಗೆ ಅವಳು ಬರೆದಷ್ಟು ಚೆನ್ನಾಗಿ ನಾನೂ ಪಾಠ ಮಾಡಿಲ್ಲ.” ಮೇಷ್ಟ್ರು ಮೆರೂನ್ ಪುಸ್ತಕ ಬಿಡಿಸಿ, ಒಳಗಿನಿಂದ ಮಡಿಚಿದ ಹಾಳೆಗಳನ್ನು ತೆಗೆದರು. ದುಂಡು ಅಕ್ಷರ, ಎಳ್ಳಷ್ಟೂ ಚಿತ್ತಿಲ್ಲ. “ತನ್ನ ಪ್ರತಿಯಲ್ಲಿ ಪುಟ ಇಲ್ಲ ಅಂತ ಗೊತ್ತಾದ ದಿನವೇ ಅವಳು ಈ ಹುಡುಗನ ಪ್ರತಿ ಇಸ್ಕೊಂಡು, ಹದಿನಾರೂ ಪುಟ ಕೈಯಲ್ಲಿ ಬರೆದು ಇದರೊಳಗೆ ಇಟ್ಟಿದ್ದಾಳೆ. 'ಮುಂದೆ ಓದುವವರಿಗೆ ತೊಂದರೆಯಾಗಬಾರದು' ಅಂತ. ಕೆಳಗೆ ಇನ್ನೂ ಒಂದು ಸಾಲಿದೆ. 'ದಯವಿಟ್ಟು ಬೈಂಡರಿಗೆ ಹೇಳಬೇಡಿ. ಅವರಿಗೆ ತಮ್ಮ ಕೆಲಸದ ಮೇಲೆ ಬಹಳ ಅಭಿಮಾನ.' ನಾನು ಬದುಕಲ್ಲಿ ತಪ್ಪು ಕಂಡು ಬಾಯಿ ಮುಚ್ಚಿಕೊಂಡಿದ್ದು ಇದೊಂದೇ ಸಲ. ಅದಕ್ಕಾಗಿ ಪುಸ್ತಕದ ಮೇಲೆ ಕೂತೆ. ದಿಂಬೂ ಕಳ್ಕೊಂಡೆ.”

ಬೈಂಡರಣ್ಣ ಹೆಂಡತಿಯ ಕಡೆ ತಿರುಗಿದ. “ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

ದರ್ಜಿಯ ಕಡೆ ತಿರುಗಿದ. ಹೆಂಡತಿಗೆ ಗೊತ್ತಾದದ್ದು ದರ್ಜಿಯ ಮನೆಗೆ ಗೊತ್ತಾಗದೆ ಇರುತ್ತದೆಯೇ, ದರ್ಜಿಯ ಮನೆಗೆ ಗೊತ್ತಾದದ್ದು ಬೀದಿಗೆ ಗೊತ್ತಾಗದೆ ಇರುತ್ತದೆಯೇ! ಊರೆಲ್ಲ ಸೇರಿ ಮುಚ್ಚಿಟ್ಟ ಗುಟ್ಟನ್ನು ಊರೆಲ್ಲ ಸೇರಿದ್ದ ಕಡೆ ಎದ್ದು ನಿಂತು ಸಾರಿದವನು ಅವನೊಬ್ಬನೇ.

ಆಮೇಲೆ ಮಗಳು ಎದ್ದು ಪ್ರಬಂಧ ಓದಿದಳು.

“ಈ ಹುಡುಗಿ ದೊಡ್ಡವಳಾದದ್ದು ಮನೆ ಬಿಟ್ಟು ಹೊರಟ ದಿನವಲ್ಲ. ಮೆಟ್ಟಿಲ ಮೇಲೆ ನಿಂತು ಅಪ್ಪನ ತಪ್ಪನ್ನು ಕಂಡು, ಕೆಳಗಿಳಿದು ಗಾಜಿನ ಚೂರು ಗುಡಿಸಿದ ದಿನ. ಅಪ್ಪ ತಪ್ಪೇ ಮಾಡುವುದಿಲ್ಲ ಎಂದು ನಂಬುವಾಗ ಅವಳು ಮಗು. ಮಾಡುತ್ತಾನೆಂದು ತಿಳಿದ ಮೇಲೂ ಅವನ ಹೆಮ್ಮೆಗೆ ಪೆಟ್ಟಾಗದಂತೆ ನೋಡಿಕೊಂಡಾಗ, ಕಾದಂಬರಿಯಲ್ಲಿ ಅಪ್ಪ ಮಗಳು ಮೊದಲ ಬಾರಿಗೆ ಸರಿಸಮನಾಗಿ ನಿಲ್ಲುತ್ತಾರೆ.”

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಬೈಂಡರಣ್ಣ ಚಪ್ಪಾಳೆ ತಟ್ಟುವುದನ್ನೂ ಮರೆತು, ಅಕ್ಕಪಕ್ಕದವರಿಗೆಲ್ಲ “ನನ್ನ ಮಗಳು, ನನ್ನ ಮಗಳು” ಎಂದು, ಅವರಿಗೆ ಗೊತ್ತೇ ಇಲ್ಲವೇನೋ ಎಂಬಂತೆ ಹೇಳುತ್ತಿದ್ದ. ಮಾನ ಹೋಗಿದ್ದರೂ ಅಷ್ಟು ದೊಡ್ಡ ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಹೋದರೆ ಹೋಗಲಿ, ಮೂವತ್ತು ವರ್ಷಕ್ಕೆ ಒಂದು ತಪ್ಪು ತಾನೇ!

ಅಷ್ಟರಲ್ಲಿ ಶಾಲೆಯ ಹೆಡ್‌ಮಿಸ್ಸು ಹತ್ತಿರ ಬಂದರು.

“ಬೈಂಡರಣ್ಣ, ಹೇಗೂ ನೀವೇ ಬಾಯಿಬಿಟ್ಟಿರಿ ಅಂತ ಹೇಳ್ತಿದ್ದೀನಿ. ನಮ್ಮ ಹಾಜರಿ ಪುಸ್ತಕದಲ್ಲಿ ಮಾರ್ಚ್ ಆದ್ಮೇಲೆ ಫೆಬ್ರವರಿ ಬರುತ್ತೆ. ಹನ್ನೊಂದು ವರ್ಷದಿಂದ ಹಾಗೇ ನಡೆಸ್ತಿದ್ದೀವಿ.”

“ಹೌದಾ?” ಎಂದ ಬೈಂಡರಣ್ಣ.

“ನನ್ನ ಅಳತೆ ಪುಸ್ತಕ ತಲೆಕೆಳಗಾಗಿದೆ ಅಣ್ಣ,” ಎಂದ ದರ್ಜಿ, ದೊಡ್ಡ ಭಾರ ಇಳಿಸಿದವನಂತೆ. “ಕಾಲಿನ ಅಳತೆ ನೋಡೋವಾಗ ಪುಸ್ತಕ ತಿರುಗಿಸಿ ಹಿಡ್ಕೊಂಡ್ರೆ ಆಯ್ತು, ಏನೂ ತೊಂದರೆ ಇಲ್ಲ.”

ಹಾಲಿನವನ ಹಾಡಿನ ಪುಸ್ತಕದ ಎಲ್ಲ ಹಾಡಿಗೂ ಪಲ್ಲವಿಯಿತ್ತು, ಚರಣವಿರಲಿಲ್ಲ. ಮೇಷ್ಟ್ರ ನಿಘಂಟಿನಲ್ಲಿ ಒಂದು ಅಕ್ಷರ ಎರಡು ಸಲ ಬಂದು ಇನ್ನೊಂದು ಅಕ್ಷರ ಬಂದೇ ಇರಲಿಲ್ಲ. ಮೊದಲು ಬದುಕಿನಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡೆ ಎಂದವರು ಈಗ ಎರಡು ಸಲ ಎಂದು ತಿದ್ದಿಕೊಂಡರು. ಲೈಬ್ರರಿ ಮೇಡಂ ಬೀಗದಕೈ ತೆಗೆದುಕೊಂಡು ಎದ್ದರು. ಒಳಗೆ ಹೋಗಿ, ಬೀಗ ಹಾಕಿದ್ದ ಒಂದು ಕಬ್ಬಿಣದ ಬೀರು ತೆರೆದು ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ ಬೈಂಡರಣ್ಣನ ಕೈಕೆಲಸ. “ಓದುಗರು ತಂದುಕೊಟ್ಟಿದ್ದು. ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ ಯಾರೂ ದೂರು ಬರೀಲಿಲ್ಲ. ಈಗ ಹೇಗೂ ಎಲ್ಲ ಬಯಲಾಯ್ತಲ್ಲ. ಮೊದಲ ಸಾಲು ಇವತ್ತೇ ತಗೊಂಡು ಹೋಗ್ತೀರಾ?”

ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಗಳು ಮನೆಯ ದಾರಿ ಹಿಡಿದರು. ಹೆಂಡತಿ ಸುದ್ದಿ ಹಂಚಲು ಹಿಂದೆಯೇ ಉಳಿದಿದ್ದಳು. ಮಗಳ ಕೈಯಲ್ಲಿ ಬಹುಮಾನದ ಕಪ್ಪು ಮತ್ತು ಆರು ಪುಸ್ತಕ. ಬೈಂಡರಣ್ಣನ ತೋಳುಗಳಲ್ಲಿ ಗದ್ದದವರೆಗೂ ಪುಸ್ತಕ.

“ಪುಟ್ಟಿ,” ಎಂದ ಅರ್ಧ ದಾರಿಯಲ್ಲಿ. “ನಿನಗೆ ಯಾವಾಗಿಂದ ಗೊತ್ತು?”

“ಏನು?”

“ನಾನು ತಪ್ಪು ಮಾಡ್ತೀನಿ ಅಂತ.”

ಮಗಳು ಬಹುಮಾನದ ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. “ಎರಡನೇ ಕ್ಲಾಸಿಂದ ಅಪ್ಪ. ನನ್ನ ಮಗ್ಗಿ ಪುಸ್ತಕ ಬೈಂಡ್ ಮಾಡಿ ಕೊಟ್ಟಿದ್ದೆಯಲ್ಲ, ಅದರಲ್ಲಿ ಎಂಟರ ಮಗ್ಗಿ ಇರಲಿಲ್ಲ.”

“ಮತ್ತೆ ಏನ್ ಮಾಡ್ದೆ?”

“ಏನಿಲ್ಲ. ಮಗ್ಗಿ ಹೇಳು ಅಂದ್ರು, ಬರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದ್ರು. ಆಮೇಲೆ ಪಕ್ಕದವಳ ಪುಸ್ತಕ ನೋಡಿ ಬರ್ಕೊಂಡೆ.”

“ಅಯ್ಯೋ ಕೂಸೇ, ಪುಸ್ತಕದಲ್ಲೇ ಇಲ್ಲ ಅಂತ ಟೀಚರಿಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಯಾರು ಬೈಂಡ್ ಮಾಡಿದ್ದು ಅಂತ ಕೇಳ್ತಿದ್ರು,” ಎಂದಳು ಮಗಳು.

ಬೈಂಡರಣ್ಣ ರಸ್ತೆಯ ನಡುವೆ ನಿಂತುಬಿಟ್ಟ. ಮಗಳು ಈ ವರ್ಷ ದೊಡ್ಡವಳಾದಳು ಎಂದು ಅವನು ತಿಳಿದಿದ್ದ. ಏಳು ವರ್ಷದವಳು ಬೆಂಚಿನ ಮೇಲೆ ನಿಂತು ತುಟಿ ಬಿಗಿಹಿಡಿದದ್ದು ಕಣ್ಣಿಗೆ ಕಟ್ಟಿತು. ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಪುಸ್ತಕ. ಮಗಳೇ ತನ್ನ ಸೆರಗಿನಿಂದ ಅವನ ಮುಖ ಒರೆಸಿ, ಮೇಲಿನ ಎರಡು ಪುಸ್ತಕ ತಾನು ತೆಗೆದುಕೊಂಡು, “ನಡಿ ಅಪ್ಪ, ಧೂಳು ಜೋರಾಗಿದೆ,” ಎಂದಳು.